ಆರುವುದರೊಳಗೆ ಓದು

ಗೆದ್ದ ಕತೆ ಹೇಳಲು ನನಗೆ ಸಂಕೋಚವೇನೂ ಇಲ್ಲ. ಸೋತದ್ದನ್ನು ಬೇಕಾದಷ್ಟು ಸಲ ಬಾಯಿ ಮುಚ್ಚಿಕೊಂಡು ನುಂಗಿದ್ದೇನೆ, ಇದೊಂದನ್ನಾದರೂ ಎದೆ ತಟ್ಟಿಕೊಂಡು ಹೇಳುತ್ತೇನೆ.

ದಿನಾ ವಾಡಿಯಿಂದ ಬಸ್ಸು ಹತ್ತಿ ಬಂದು ಶಹಾಬಾದಿನ ಅಂಚಿನ ಒಂದು ಸರಕಾರಿ ಶಾಲೆಯಲ್ಲಿ ಎರಡನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಶಾಲೆಯ ಎದುರಿಗೇ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಅಂಗಳ. ಸಂಕ್ರಾಂತಿ ಮುಗಿದ ಮೇಲೆ ಅಲ್ಲಿ ಕೆಲಸ ಮಾಡುವ ಒಬ್ಬ ತಾಯಿ ನನ್ನ ತರಗತಿಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು, ಸೆರಗಿನ ತುಂಬ ಕಲ್ಲಿನ ಪುಡಿ. ಆಕೆಯ ಮಗಳು ನನ್ನ ತರಗತಿಯ ಕೊನೆಯ ಸಾಲಿನ ಹುಡುಗಿ.

"ಟೀಚರ್, ಇಕಿನ್ನ ಸಾಲಿ ಬಿಡಸ್ತೀನ್ರಿ. ಎರಡು ವರ್ಷ ಆತು, ಒಂದಕ್ಷರ ತಲಿಗಿ ಹತ್ತವಲ್ದು. ಮನ್ಯಾಗ ಕುಂತು ಕೂಸಿನ್ನಾರ ತೂಗ್ತಾಳ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಇಷ್ಟು ಸಣ್ಣಾಕಿನ್ನ ಕೂಸು ತೂಗಾಕ ಕುಂದ್ರಸ್ತಿಯೇನವಾ? ಹೋಳಿ ಹುಣ್ಣಿವಿ ತನಕ ತಡಿ. ಅಷ್ಟರಾಗ ಓದಲಿಲ್ಲಂದ್ರ ನಾನೇ ಕಳಸ್ತೀನಿ" ಎಂದುಬಿಟ್ಟೆ. ಆಕೆ ಒಪ್ಪಿ ಹೋದಳು.

ಅಂದದ್ದೇನೋ ಅಂದೆ, ಇನ್ನು ಓದಿಸಿ ತೋರಿಸಬೇಕಿತ್ತು. ಹುಡುಗಿ ದಡ್ಡಿಯಲ್ಲ. ಬೋರ್ಡಿನ ಮೇಲಿನ 'ಮ' ನೋಡಿ ರಂಗೋಲಿ ಬಿಡಿಸಿದ ಹಾಗೆ ಚೆಂದ ಬರೆಯುತ್ತಿದ್ದಳು. ಅದೇನವಾ ಅಂತ ಕೇಳಿದರೆ ಮಾತ್ರ ನೆಲ ನೋಡುತ್ತಿದ್ದಳು. ಆಕಾರ ಕೈಗೆ ಬಂದಿತ್ತು, ಧ್ವನಿ ಬಾಯಿಗೆ ಬಂದಿರಲಿಲ್ಲ. ಹಾಡಿಸಿದೆ, ಚಿತ್ರದ ಕಾರ್ಡು ತೋರಿಸಿದೆ, ಮಣ್ಣಿನಲ್ಲಿ ಅಕ್ಷರ ಮಾಡಿಸಿದೆ. ಮಣ್ಣಿನ ಅಕ್ಷರಗಳ ಬಾಲ ಮುರಿದು ಕಸ ಗುಡಿಸಿದ್ದೊಂದೇ ಲಾಭ.

ಕಲ್ಲಿನ ಅಂಗಳದವರದು ಒಂದು ರೂಢಿಯಿದೆ. ಗಿರಾಕಿ ಬಂದರೆ ಕಲ್ಲಿನ ಮೇಲೆ ಒಂದು ಬೊಗಸೆ ನೀರು ಚೆಲ್ಲುತ್ತಾರೆ. ಪುಡಿ ಮೆತ್ತಿದ ಕಲ್ಲಿನ ಖರೇ ಬಣ್ಣ, ಗೀರು, ಬಿರುಕು ಎಲ್ಲ ಆಗ ಎದ್ದು ಕಾಣುತ್ತದೆ. ಆರುವುದರೊಳಗೆ ನೋಡಿಬಿಡಬೇಕು. ಒಂದು ಮಧ್ಯಾಹ್ನ ಊಟದ ತಟ್ಟೆ ತೊಳೆದು ಬಂದ ಈ ಹುಡುಗಿ ತರಗತಿಯ ಫರಸಿ ನೆಲಕ್ಕೆ ನೀರು ಚೆಲ್ಲಿ, ವ್ಯಾಪಾರದ ಆಟ ಆಡುತ್ತ ಗೆಳತಿಯರನ್ನು ಕರೆಯುತ್ತಿದ್ದಳು: "ಜಲ್ದಿ ನೋಡ್ರಿ, ಆರಲಿಕತ್ತದ."

ಬೈಯಲು ಹೋದವಳು ನಾನೂ ಬಗ್ಗಿ ಆ ಕಲ್ಲು ನೋಡಿದೆ.

ಮರುದಿನದಿಂದ ಬೋರ್ಡಿಗೆ ರಜೆ. ಮಕ್ಕಳನ್ನು ನೆಲದ ಮೇಲೆ ಕೂರಿಸಿ ನಡುವೆ ನೀರಿನ ಬಟ್ಟಲಿಟ್ಟೆ. ಬೆರಳು ಅದ್ದಿ ಕಲ್ಲಿನ ಮೇಲೆ ಬರೆಯಬೇಕು, ಆರುವುದರೊಳಗೆ ಅಂಗೈಯಿಂದ ನೆಲ ತಟ್ಟಿ ಧ್ವನಿ ಹೇಳಬೇಕು. ಒತ್ತಕ್ಷರಕ್ಕೆ ಜೋರು ಪೆಟ್ಟು. ನಮ್ಮ ಕಡೆಯ ಸೆಕೆಗೆ ಬರೆದು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಅಕ್ಷರ ಮಾಯ. ತರಗತಿಯೆಂದರೆ ಸಂತೆ. ಪಕ್ಕದ ಕೋಣೆಯ ಮೇಷ್ಟ್ರು ಬಂದು, "ಏನ್ರಿ ಮೇಡಂ, ಭಜನಿ ನಡಸೀರೇನು?" ಎಂದು ಚೇಷ್ಟೆ ಮಾಡಿದರು. "ಹೌದ್ರಿ, ನೀವೂ ಬಂದು ಕುಂದ್ರಿ" ಎಂದೆ.

ಹುಡುಗಿ ಮೊದಮೊದಲು ಉಳಿದವರ ಬಾಯಿ ನೋಡಿ ಹೇಳುತ್ತಿದ್ದಳು. ಒಂದು ದಿನ ತಾನೇ ಬರೆದು ತಟ್ಟಿದಳು: ಮ, ರ. ಮತ್ತೊಮ್ಮೆ ತಟ್ಟಿದಳು. ಆಮೇಲೆ ಬಾಗಿಲಾಚೆ, ಕಲ್ಲಿನ ಅಂಗಳದ ಬೇವಿನ ಕಡೆ ಬೆರಳು ತೋರಿಸಿ ಕೇಳಿದಳು, "ಟೀಚರ್, ಇದು ಆ ಮರ ಏನ್ರಿ?"

"ಹೌದವಾ, ಅದೇ ಮರ" ಎಂದೆ. ಅಷ್ಟು ಖುಷಿ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಹೋಳಿಯ ಮುನ್ನಾದಿನ ಹುಡುಗಿಯ ಕೈ ಹಿಡಿದು ಅಂಗಳಕ್ಕೆ ಹೋದೆ. ನಾನು ಕಲ್ಲಿನ ಮೇಲೆ ನೀರಲ್ಲಿ ಬರೆದದ್ದನ್ನೆಲ್ಲ ಓದಿದಳು. ತಾಯಿ ನಂಬಲಿಲ್ಲ. "ಬಾಯಿಪಾಠ ಮಾಡ್ಸೀರಿ ಟೀಚರ್. ನನಗೇನು ಓದಾಕ ಬರ್ತದಾ, ನೀವು ಹೇಳಿದ್ದೇ ಖರೇ."

ನನಗೆ ಉರಿದುಹೋಯಿತು. "ಹಂಗಾದ್ರ ನೀನೇ ಒಂದು ಮಾತು ಹೇಳು, ನನ್ನ ಕಿವ್ಯಾಗ."

ಹುಡುಗಿಯನ್ನು ದೂರದ ಬೇವಿನ ಕೆಳಗೆ ನಿಲ್ಲಿಸಿದೆವು. ತಾಯಿ ಕೂಸನ್ನು ಸರಿಮಾಡಿಕೊಂಡು, ಯೋಚಿಸಿ, ಕಿವಿಯಲ್ಲಿ ಹೇಳಿದಳು. ತರಗತಿಯಲ್ಲಿ ಒಮ್ಮೆಯೂ ಬರೆಯದ ಪದ, ಮೇಲಾಗಿ ಒತ್ತಕ್ಷರ. ಆದರೂ ಬೆರಳದ್ದಿ ಕಾದ ಕಲ್ಲಿನ ಮೇಲೆ ದೊಡ್ಡದಾಗಿ ಬರೆದು ಕೂಗಿ ಕರೆದೆ.

ಹುಡುಗಿ ಓಡಿ ಬಂದು ಮೊಣಕಾಲೂರಿ ಕುಳಿತಳು. ಮೊದಲ ಅಕ್ಷರದ ಅಂಚು ಆಗಲೇ ಆರುತ್ತಿತ್ತು. "ತೊ" ಎಂದು ತಟ್ಟಿದಳು. ತಡೆದಳು. ಆಮೇಲೆ ಅಂಗೈ ಎತ್ತಿ ಜೋರಾಗಿ ಬಡಿದಳು, "ಟ್ಟಿ." ಮತ್ತೆ ಮೆಲ್ಲಗೆ, "ಲು." ತಲೆ ಎತ್ತಿ ತಾಯಿಯನ್ನು ನೋಡಿದಳು. "ತೊಟ್ಟಿಲು. ತೊಟ್ಟಿಲು ಅಂದ್ಯಾ ಅವ್ವಾ?"

ತಾಯಿ ಕಲ್ಲು ಪೂರ್ತಿ ಆರುವ ತನಕ ಅದನ್ನೇ ನೋಡುತ್ತ ನಿಂತಳು, ಆಮೇಲೆ ಸೆರಗಿನಿಂದ ಮಗಳ ಮುಖ ಒರೆಸಿ ಕೆಲಸಕ್ಕೆ ಹೋದಳು.

ಹಬ್ಬ ಮುಗಿಸಿ ಬಸ್ಸಿಳಿದು ಬರುವಾಗ ಅಂಗಳದ ಬೇವಿನ ಕೊಂಬೆಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿತ್ತು. ಕೂಸು ಅದರಲ್ಲಿ ಮಲಗಿತ್ತು. ತಾಯಿ ಕಲ್ಲು ತೊಳೆಯುತ್ತಲೇ ನಡುನಡುವೆ ಬಂದು ಒಂದು ಜೀಕು ಕೊಟ್ಟು ಹೋಗುತ್ತಿದ್ದಳು. ಹುಡುಗಿ ನನಗಿಂತ ಮೊದಲೇ ತರಗತಿಗೆ ಬಂದು, ಬಟ್ಟಲಿಗೆ ನೀರು ತುಂಬಿಟ್ಟು ಕಾಯುತ್ತಿದ್ದಳು.