ಇಶ್ರತ್ ಬರೆದಿಟ್ಟ ಚೀಟಿ

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಕಡೆ ಹೋಗುವಾಗ ಅಫ್ಸರ್ ಅವರ ಮೊಬೈಲ್ ರಿಪೇರಿ ಅಂಗಡಿ ಸಿಗುತ್ತದೆ. ಬೋರ್ಡಿನ ಮೇಲಿರುವುದು ಅವರ ಹೆಸರು, ಕೆಲಸ ಮಾಡುವವರು ಅವರ ಹೆಂಡತಿ ಇಶ್ರತ್. ಶುಗರ್‌ನಿಂದ ಅಫ್ಸರ್ ಕಣ್ಣು ಮಂಜಾಗತೊಡಗಿದಾಗ ಇಶ್ರತ್ ಪಕ್ಕದಲ್ಲಿ ಕೂತು ಸಣ್ಣ ಸ್ಕ್ರೂಗಳನ್ನು ಹುಡುಕಿ ಕೊಡುತ್ತಿದ್ದರಂತೆ. ಎರಡು ವರ್ಷದಲ್ಲಿ ಕೆಲಸವೆಲ್ಲ ಅವರ ಕೈಗೆ ಬಂತು. ಈಗ ಗಂಡ ಮುಂದೆ ಕೂತು ಗಿರಾಕಿಗಳೊಡನೆ ಹರಟುತ್ತಾರೆ, ಹೆಂಡತಿ ಪರದೆಯ ಹಿಂದೆ ಭೂತಗನ್ನಡಿಗೆ ಕಣ್ಣು ಕೊಟ್ಟು ಕೂತಿರುತ್ತಾರೆ.

ನಾನು ನೀರಿಗೆ ಬಿದ್ದ ಫೋನ್ ಹಿಡಿದು ಹೋಗಿದ್ದೆ. ನನ್ನ ಅಪ್ಪ ನನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಒಂಬತ್ತು ಫೋಟೋ ಅದರಲ್ಲಿದ್ದವು. ತೆಗೆದ ಮೂರು ವಾರಕ್ಕೆ ಅಪ್ಪ ತೀರಿಕೊಂಡರು. ಆ ಫೋಟೋಗಳು ಬೇರೆಲ್ಲೂ ಇರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯವರು ಎಂಟು ಸಾವಿರ ಆಗುತ್ತದೆ, ಬರುತ್ತದೆಂಬ ಗ್ಯಾರಂಟಿ ಇಲ್ಲ ಎಂದಿದ್ದರು. ಅಷ್ಟು ನಮ್ಮ ಕೈಲಾಗದು. "ಇಶ್ರತ್ ಹತ್ರ ಹೋಗೋಣ ಬಾ" ಎಂದು ಕರೆತಂದವರು ನನ್ನ ಅತ್ತೆ ಭಾರತಮ್ಮ.

ಅತ್ತೆ ಮಗುವನ್ನು ಎತ್ತಿಕೊಂಡು ಹೊರಗೇ ನಿಂತರು. ನಾನು ಪರದೆಯ ಒಳಗೆ ಹೋದೆ, ಇಶ್ರತ್ ಪೆನ್ನು ತೆಗೆದರು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಚೀಟಿಯಲ್ಲಿ ಬರೆದು ಫೋನಿಗೆ ಅಂಟಿಸುವುದು ಅವರ ಪದ್ಧತಿ.

"ಎಂಥ ನೀರಮ್ಮ? ಹೆಂಗೆ ಬಿತ್ತು?"

"ಮಗು ಸ್ನಾನದ ನೀರು, ಕಡಲೆಹಿಟ್ಟು ಇತ್ತು. ನಾನು ವಿಡಿಯೋ ಮಾಡ್ತಿದ್ದೆ. ಅತ್ತೆ ಮೊಣಕೈ ತಾಗಿ ಬಕೆಟ್‌ಗೆ ಬಿತ್ತು."

ಇಶ್ರತ್ ಬರೆದುಕೊಂಡರು. ಆರು ದಿನದಿಂದ ಇದನ್ನೇ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ನನ್ನ ಗಂಡ ಶಿವಕುಮಾರ್ ಕೆಲಸದ ಜಾಗದಿಂದಲೇ ಫೋನ್ ಮಾಡಿ ತಾಯಿಯನ್ನು ಬೈದಿದ್ದರು. ಫೋನ್ ಬಿದ್ದಾಗ ಎಣ್ಣೆ ಕೈಯಲ್ಲಿ ಮಗು ಹಿಡಿದು ಬೆನ್ನು ತಿರುಗಿಸಿ ಕೂತಿದ್ದ ಅತ್ತೆ, "ತಾಗಿತ್ತೇನೋಪ್ಪ, ಗೊತ್ತಾಗ್ಲಿಲ್ಲ" ಎಂದು ಒಪ್ಪಿಕೊಂಡಿದ್ದರು. ತಾಗಿರಲಿಲ್ಲ. ಬಕೆಟ್ ಅಂಚಿಗೆ ಫೋನ್ ಒರಗಿಸಿದ್ದವಳು ನಾನು.

ಇಶ್ರತ್ ಸೂಜಿಯಿಂದ ಚಾರ್ಜರ್ ತೂತು ಕೆದಕಿದರು. ಕಾಗದದ ಮೇಲೆ ಒಂದು ಕೆಂಪು ಕಾಳು ಬಿತ್ತು, ಅದರ ಹಿಂದೆ ಮತ್ತೆರಡು.

"ರೀ, ಇಲ್ಲಿ ನೋಡ್ರಿ! ರಾಗಿ!"

"ಇನ್ನೊಂದಿಷ್ಟು ತೆಗಿ, ಮುದ್ದೆ ಮಾಡೋಣ" ಎಂದರು ಅಫ್ಸರ್ ಹೊರಗಿನಿಂದ.

ನನ್ನ ಮುಖ ಬಿಸಿಯಾಯಿತು. ಒದ್ದೆ ಫೋನನ್ನು ಅಕ್ಕಿಯಲ್ಲಿಡಬೇಕೆಂದು ಎಲ್ಲೋ ಓದಿದ್ದೆ. ಅಕ್ಕಿ ಡಬ್ಬಿ ತಳ ಕಂಡಿತ್ತು, ರಾಗಿ ಮೂಟೆಯಲ್ಲಿ ಹೂತಿಟ್ಟೆ. ಸಣ್ಣ ಕಾಳು, ಒಳಗೆ ಹೋಗುತ್ತದೆ ಎಂದು ಅತ್ತೆ ಹೇಳಿದ್ದರು. ಓದಿದವಳು ನಾನಲ್ಲವೇ, ಕೇಳಲಿಲ್ಲ.

"ಅಕ್ಕಿಯಾದ್ರೂ ಅಷ್ಟೇ, ಯಾವ್ದೂ ಪ್ರಯೋಜ್ನ ಇಲ್ಲ. ಚಾರ್ಜಿಗೆ ಹಾಕಿದ್ರಾ?"

"ಇಲ್ಲ, ಹೆದರಿಕೊಂಡೆ."

"ಆ ಹೆದರಿಕೆನೇ ಉಳಿಸಿರೋದು. ಈಗ ಹೇಳಿ, ಫೋನ್ ಬೇಕಾ, ಫೋಟೋ ಬೇಕಾ? ಎರಡೂ ಅಂದ್ರೆ ಖರ್ಚು ಜಾಸ್ತಿ. ಫೋಟೋ ಸಾಕು ಅಂದ್ರೆ ಐನೂರು."

"ಫೋಟೋ ಸಾಕು ಅಕ್ಕ."

ಅವರು ಫೋನಿನೊಳಗಿನ ಬೋರ್ಡ್ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಕಿಲುಬನ್ನು ಮೆಲ್ಲಗೆ ಉಜ್ಜಿದರು. ಒಣಗಿಸಿ, ಡಬ್ಬದಲ್ಲಿದ್ದ ಅದೇ ಕಂಪನಿಯ ಹಳೇ ಫೋನಿನ ಬ್ಯಾಟರಿ, ಡಿಸ್‌ಪ್ಲೇ ಜೋಡಿಸಿದರು. ಎರಡು ಸಲ ಏನೂ ಆಗಲಿಲ್ಲ. ನಾನು ದೇವರನ್ನೂ ಅಪ್ಪನನ್ನೂ ಒಟ್ಟಿಗೇ ಕರೆದೆ. ಮೂರನೇ ಸಲ ಬೆಳಕು ಬಂತು.

"ಲಾಕ್ ನೀವೇ ತೆಗೀರಿ. ನಾನು ನೋಡಲ್ಲ" ಎಂದು ಗೋಡೆ ಕಡೆ ತಿರುಗಿದರು. ಈ ಒಂದು ನಿಯಮಕ್ಕೇ ತಾಲ್ಲೂಕಿನ ಹೆಂಗಸರೆಲ್ಲ ಇವರನ್ನು ಹುಡುಕಿಕೊಂಡು ಬರುತ್ತಾರೆ.

ಅವರು ಗೋಡೆ ನೋಡುತ್ತಲೇ ಹೇಳಿಕೊಟ್ಟ ಹಾಗೆ ನಾನು ಒತ್ತಿದೆ, ಫೋಟೋಗಳೆಲ್ಲ ಅವರ ಲ್ಯಾಪ್‌ಟಾಪಿಗೆ ಇಳಿದವು. ಅತ್ತೆಯನ್ನು ಕೂಗಿ ಕರೆದೆ. "ಅಯ್ಯೋ ತಲ್ಲೀ, ತಾತನ್ನ ನೋಡೇ" ಎಂದು ಅವರು ಮಗುವಿನ ಮುಖ ತಿರುಗಿಸಿದರು. ಒಂಬತ್ತೂ ಇದ್ದವು. ಅಳುತ್ತಾ ಮುಂದಕ್ಕೆ ಒತ್ತುತ್ತಾ ಹೋದೆ. ಕೊನೆಯದು ಫೋಟೋ ಅಲ್ಲ, ಫೋನ್ ಬೀಳುವ ಮುಂಚೆ, ಮಗು ಸರಿಯಾಗಿ ಕಾಣುತ್ತದೆಯೇ ಎಂದು ನೋಡಲು ನಾನು ತೆಗೆದಿದ್ದ ಪುಟ್ಟ ವಿಡಿಯೋ.

ಅದರಲ್ಲಿ ಅತ್ತೆಯ ದನಿ: "ಜಾರ್ತಾ ಇದೆ ತ್ರಿವೇಣಿ, ತೆಗಿಯಮ್ಮ ಅಲ್ಲಿಂದ."

ನನ್ನ ದನಿ: "ಜಾರಲ್ಲ ಅತ್ತೆ. ನೀವು ಮಗು ನೋಡ್ಕೊಳ್ಳಿ, ಸಾಕು."

ಇಶ್ರತ್ ನೋಡಲಿಲ್ಲ, ನಿಜ. ಕೇಳಿಸಿಕೊಂಡರು. ಒಣಗಿಸುವುದೇನೂ ಇಲ್ಲದಿದ್ದರೂ ಬಿಸಿಗಾಳಿ ಮಿಷನ್ ಹಾಕಿ ಸದ್ದು ಮಾಡಿದರು.

ಅತ್ತೆ ತಮ್ಮ ಮೊಣಕೈಯನ್ನೊಮ್ಮೆ ನೋಡಿಕೊಂಡರು. "ಹಂಗಾದ್ರೆ ನನ್ ಕೈ ತಾಗಿಲ್ವೇನೋ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಹೊರೆ ಇಳಿಸಿದವರ ಉಸಿರು ಅದು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಆ ಕೊನೇದು ಅಳಿಸ್ಲಾಮ್ಮ?" ಇಶ್ರತ್ ಗೋಡೆ ನೋಡುತ್ತಲೇ ಕೇಳಿದರು.

"ಬೇಡಕ್ಕ, ಇರ್ಲಿ."

ಅವರ ಪೆನ್ನು ಕೇಳಿ, ಚೀಟಿಯಲ್ಲಿದ್ದ 'ಅತ್ತೆ ಮೊಣಕೈ ತಾಗಿ' ಎಂಬುದನ್ನು ಹೊಡೆದು ಹಾಕಿ 'ನಾನೇ ಇಟ್ಟು ಬೀಳಿಸಿದ್ದು' ಎಂದು ಬರೆದೆ. ಆಮೇಲೆ ಅತ್ತೆಯ ಬಟನ್ ಫೋನಿಗೆ ಕೈ ಚಾಚಿದೆ.

"ಯಾರಿಗಮ್ಮ?"

"ನಿಮ್ಮ ಮಗನಿಗೆ ಅತ್ತೆ."

"ಈಗ್ಯಾಕೆ? ಮನೇಗೆ ಹೋಗಿ ಮಾಡಿದ್ರಾಯ್ತು."

ಮನೆಗೆ ಹೋದರೆ ನನಗೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಅಲ್ಲೇ ನಿಂತು ಒತ್ತಿದೆ.