ದೋಣಿ ಮೋಟರು ಬಿಚ್ಚುತ್ತಿದ್ದ ಮಾವ

ನಮ್ಮ ಮಾವನ ಎಡಗಿವಿಯ ಮೇಲ್ತುದಿ ಸದಾ ಕಪ್ಪಗಿರುತ್ತಿತ್ತು. ಹುಟ್ಟುಮಚ್ಚೆಯಲ್ಲ, ಎಣ್ಣೆಜಿಡ್ಡು. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಒಗೆದ ಪಂಚೆ ಉಟ್ಟು ತಟ್ಟೆಯ ಮುಂದೆ ಕೂತಾಗಲೂ ಆ ಕಪ್ಪು ಅಲ್ಲೇ ಇರುತ್ತಿತ್ತು. ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಕೂರಿಸಿ, ಅದರ ಹಿಡಿಗೆ ಕಿವಿ ಆನಿಸಿ, ಕಣ್ಣು ಮುಚ್ಚಿಕೊಂಡು ಒತ್ತುವುದು ಅವರ ಅಭ್ಯಾಸ. "ಬಿಡ್ತಾ ಇದೆಯೋ ಮುರೀತಾ ಇದೆಯೋ ಅಂತ ಕೈಗಿಂತ ಮುಂಚೆ ಕಿವಿಗೆ ಗೊತ್ತಾಗುತ್ತೆ ಕಣಮ್ಮ" ಎನ್ನುತ್ತಿದ್ದರು. ಅತ್ತೆ ಸೀಗೇಪುಡಿ ಕೊಟ್ಟು "ಉಜ್ಜಿಕೊಳ್ಳಿ, ನೋಡೋಕಾಗಲ್ಲ" ಎಂದರೆ, "ಸಾಯಂಕಾಲ ಮತ್ತೆ ಆಗುತ್ತಲ್ಲ" ಎಂದು ನಕ್ಕುಬಿಡುತ್ತಿದ್ದರು.

ಅರಸೀಕೆರೆಯ ಕಡೆಯವರು ಅವರು. ಮೀಸೆ ಚಿಗುರುವ ವಯಸ್ಸಿಗೆ ಮದ್ರಾಸಿಗೆ ಬಂದು, ಅಂಬತ್ತೂರಿನ ಒಂದು ಕಾರ್ಖಾನೆ ಸೇರಿ, ಅಲ್ಲೇ ಫೋರ್‌ಮನ್ ಆಗಿ ನಿವೃತ್ತರಾದರು. ಊರು ಮದ್ರಾಸಿನಿಂದ ಚೆನ್ನೈ ಆದದ್ದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ನಾನು ಸೊಸೆಯಾಗಿ ಆ ಮನೆಗೆ ಬಂದ ಹೊಸದರಲ್ಲಿ ಗಮನಿಸಿದ ಒಂದು ವಿಚಿತ್ರವೆಂದರೆ, ಮನುಷ್ಯರ ಜೊತೆ ಅವರ ಮಾತು ಅರ್ಧಕ್ಕರ್ಧ ತಮಿಳು. ಕಬ್ಬಿಣದ ಜೊತೆ ಮಾತ್ರ ಅಚ್ಚ ಕನ್ನಡ. "ಬಾ ನನ್ನಪ್ಪ, ಬಾ, ಯಾಕಿಷ್ಟು ಹಟ" ಎಂದು ಕೆಟ್ಟ ನಲ್ಲಿಯನ್ನೂ ಹೊಲಿಗೆ ಯಂತ್ರವನ್ನೂ ಓಲೈಸುತ್ತಿದ್ದರು.

ಆದರೆ ನೀರು ಕಂಡರೆ ಭಯ. ಮಕ್ಕಳು ಮೊಮ್ಮಕ್ಕಳ ಜೊತೆ ಬೆಸೆಂಟ್ ನಗರದ ಕಡಲತೀರಕ್ಕೆ ಹೋದರೂ ಮರಳು ಒಣಗಿರುವ ಕಡೆಯೇ ನಿಂತು ಎಲ್ಲರ ಚಪ್ಪಲಿ ಕಾಯುತ್ತಿದ್ದರು. ಅಂಥವರ ಕೊನೆಯ ವರ್ಷಗಳು ಒಂದು ದೋಣಿಯ ಮೋಟರಿನ ಮುಂದೆ ಕಳೆದವು. ಅದಕ್ಕೆ ಕಾರಣ ಒಂದು ವರ್ಷ ಚೆನ್ನೈಯನ್ನು ಮುಳುಗಿಸಿದ ಪ್ರವಾಹ.

ನಮ್ಮ ಮನೆ ಅಡಯಾರ್ ನದಿಗೆ ಹತ್ತಿರದ ಬೀದಿಯಲ್ಲಿತ್ತು. ಬೆಳಗಾಗುವಷ್ಟರಲ್ಲಿ ನೀರು ಜಗಲಿ ಹತ್ತಿತ್ತು. ನನ್ನ ಗಂಡ ಪೆರುಂಗುಡಿಯ ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮನೆಯಲ್ಲಿ ಮಾವ, ಅತ್ತೆ, ನಾನು, ಮೂವರೇ. ಮಧ್ಯಾಹ್ನದ ಹೊತ್ತಿಗೆ ಕುಪ್ಪಂನಿಂದ, ಅಂದರೆ ಕಡಲ ಪಕ್ಕದ ಮೀನುಗಾರರ ಕೇರಿಯಿಂದ, ಒಬ್ಬಾತ ತನ್ನ ಫೈಬರ್ ದೋಣಿಯನ್ನು ಲಾರಿಯಲ್ಲಿ ತಂದು ಬೀದಿಗೆ ಇಳಿಸಿದ್ದ. ಹಿಂದೆ ಕಟ್ಟಿದ್ದ ಹಳೆಯ ಸೀಮೆಎಣ್ಣೆ ಮೋಟರು ಗುಡುಗುಡು ಎನ್ನುತ್ತಾ ನಮ್ಮ ಗೇಟಿಗೆ ಬಂತು. "ವಾಂಗ ಸಾರ್" ಎಂದು ತಮಿಳಿನಲ್ಲಿ ಹತ್ತಲು ಕರೆದ.

ಮಾವ ಹತ್ತಲಿಲ್ಲ. "ನೀರು ಇಳಿಯುತ್ತೆ. ನಲವತ್ತು ವರ್ಷದಿಂದ ನೋಡ್ತಿದೀನಿ, ಈ ಮೆಟ್ಟಿಲು ದಾಟಲ್ಲ" ಎಂದರು. ಅವರನ್ನು ಬಿಟ್ಟು ಅತ್ತೆ ಹೊರಡಲಿಲ್ಲ, ಅತ್ತೆಯನ್ನು ಬಿಟ್ಟು ನಾನು. ದೋಣಿಯವನು ಒಂದಿಷ್ಟು ಹೊತ್ತು ಬೇಡಿಕೊಂಡು, ಪಕ್ಕದ ಮನೆಯವರನ್ನು ಕೂರಿಸಿಕೊಂಡು ಹೋದ. ನೀರು ಆ ಮೆಟ್ಟಿಲನ್ನೂ ದಾಟಿತು, ಮೇಲಿನದನ್ನೂ ದಾಟಿತು. ಸಂಜೆಗತ್ತಲಲ್ಲಿ ಯಾರೂ ಕರೆಯದೆಯೇ ಆತ ಮತ್ತೆ ಬಂದ. ಅತ್ತೆಯ ಊದಿದ ಮಂಡಿಯ ಕಡೆ ಕೈ ತೋರಿಸಿ, "ಅಮ್ಮನ ಕಾಲು ನೋಡಿದ್ದೆ, ಮನಸ್ಸು ತಡೆಯಲಿಲ್ಲ" ಎಂದ.

ಮೂವರೂ ಹತ್ತಿದೆವು. ದೋಣಿ ಗೇಟು ದಾಟುವಾಗ ನೀರೊಳಗೆ ಮುಳುಗಿದ್ದ ಕಾಂಪೌಂಡಿನ ಗೋಡೆಗೆ ಬಡಿಯಿತು. ಹಿಂದೆ ಏನೋ ಕಳಚಿಕೊಂಡ ಸದ್ದು. ತಿರುಗಿ ನೋಡಿದರೆ ಮೋಟರು ಇರಲಿಲ್ಲ, ನೀರ ಮೇಲೆ ಎಣ್ಣೆಯ ಬಣ್ಣ ಮಾತ್ರ. ಆತ ಎದೆಮಟ್ಟದ ನೀರಿಗೆ ಇಳಿದು, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ನಮ್ಮನ್ನು ಮುಖ್ಯರಸ್ತೆಯವರೆಗೆ ಎಳೆದುಕೊಂಡು ಹೋದ. ದೋಣಿಯೊಳಗೆ ಮಾವ ಎರಡೂ ಕೈಯಲ್ಲಿ ಅಂಚು ಹಿಡಿದು ಆತನ ಬೆನ್ನನ್ನೇ ನೋಡುತ್ತಾ ಕೂತಿದ್ದರು.

ಮುಂದಿನ ವರ್ಷ ಪೊಂಗಲ್‌ಗೆ ಮಾವ ಒಂದು ಸೀರೆ, ಸಿಹಿ ಹಿಡಿದು ಕುಪ್ಪಂಗೆ ಹೋದರು. ತಿರುಗಿ ಬಂದದ್ದು ಲಗೇಜ್ ಆಟೋದಲ್ಲಿ. ಹಿಂದೆ ಗೋಣಿಚೀಲ ಸುತ್ತಿದ ಆ ಮೋಟರು. ದೋಣಿಯವನು ನೀರಿಳಿದ ಮೇಲೆ ಅದನ್ನು ಕೆಸರಿನಿಂದ ಎತ್ತಿಕೊಂಡು ಹೋಗಿ ಗುಡಿಸಲ ಹಿಂದೆ ಹಾಕಿದ್ದನಂತೆ. ಉಪ್ಪುಗಾಳಿ ಉಳಿದ ಕೆಲಸ ಮುಗಿಸಿತ್ತು. ಒಂದು ಬೋಲ್ಟೂ ಅಲುಗುತ್ತಿರಲಿಲ್ಲ. ಆತ ತನ್ನ ದೋಣಿಯನ್ನು ಮರಳಿನ ಮೇಲೆ ಕವುಚಿ, ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದ.

"ಇದೇನ್ರೀ, ಹೆಣ ಹೊತ್ಕೊಂಡು ಬಂದಿದೀರ?" ಎಂದರು ಅತ್ತೆ.

"ಹೆಣ ಅಲ್ಲ ಕಣೇ. ಉಸಿರು ಕಟ್ಟಿದೆ ಅಷ್ಟೆ."

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮರದ ಚೌಕಟ್ಟು ಮಾಡಿ ಮೋಟರನ್ನು ನಿಲ್ಲಿಸಿದರು. ಅತ್ತೆಯ ಕಣ್ಣಿನ ಔಷಧಿಯ ಖಾಲಿ ಬಾಟಲಿಗೆ ಡೀಸೆಲ್ಲು, ಗೇರ್ ಆಯಿಲ್ಲು ಬೆರೆಸಿ ತುಂಬಿ, ಬೆಳಿಗ್ಗೆ ಸಂಜೆ ಒಂದೊಂದು ಬೋಲ್ಟಿಗೂ ಹನಿ ಹಾಕುವುದು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ನಡೆಯಿತು. ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು, ಎಣ್ಣೆ ಒಳಗಿಳಿಯಲಿ ಅಂತ. ಸ್ಪ್ಯಾನರು ಹಾಕಿದರೂ ಮೊದಲು ಬಿಚ್ಚುವ ಕಡೆಗೆ ತಿರುಗಿಸುತ್ತಿರಲಿಲ್ಲ. "ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು. ಬಿಚ್ಚೋಕೆ ಬಂದಿದೀವಿ ಅಂತ ಅದಕ್ಕೆ ಗೊತ್ತಾಗಬಾರದು." ಆಮೇಲೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ತುಕ್ಕು ಕಿರ್ರೆಂದು ಬಿಟ್ಟಾಗ ಅವರ ಮುಖ ಕೂಸು ನಿದ್ದೆಹೋದ ತಾಯಿಯ ಹಾಗೆ ಸಡಿಲಾಗುತ್ತಿತ್ತು.

ಆ ಹೊತ್ತಿಗಾಗಲೇ ಅವರ ಕೈ ನಡುಗಲು ಶುರುವಾಗಿತ್ತು. ಹಾಗಾಗಿ ಉರಿ ಉಗುಳುವ ಬ್ಲೋಲ್ಯಾಂಪ್ ಹಿಡಿದು ಬೋಲ್ಟಿನ ಸುತ್ತ ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾದ ಬೋಲ್ಟಿಗೆ ಮೇಣದಬತ್ತಿ ಮುಟ್ಟಿಸಿದರೆ ಮೇಣ ಕರಗಿ ಎಳೆ ಎಳೆಯಾಗಿ ಒಳಗೆ ಓಡುವುದನ್ನು ನೋಡುವುದೇ ಒಂದು ಚೆಂದ. ವಾರವಿಡೀ ಆಫೀಸಿನಲ್ಲಿ ಪರದೆ ನೋಡಿ ಬೇಸತ್ತಿದ್ದ ನಾನು ಭಾನುವಾರಕ್ಕೆ ಕಾಯತೊಡಗಿದೆ.

ದೋಣಿಯವನೂ ಭಾನುವಾರ ಬರುತ್ತಿದ್ದ. ಅಂದು ಅವನಿಗೆ ಕಡಲಿಗೆ ರಜೆ. ಮಾವ ಅವನನ್ನು ತಂಬಿ, ಅಂದರೆ ತಮ್ಮ, ಎನ್ನುತ್ತಿದ್ದರು. ಅವನು ಚೌಕಟ್ಟನ್ನು ಅಲುಗದಂತೆ ಹಿಡಿದುಕೊಳ್ಳುತ್ತಿದ್ದ, ಮಾವ ಕಿವಿ ಆನಿಸುತ್ತಿದ್ದರು, ನಾನು ಬೆಂಕಿ ಹಿಡಿಯುತ್ತಿದ್ದೆ. ಮಾತು ಕಡಿಮೆ. ನಡುವೆ ಅತ್ತೆ ಕಾಫಿ ತಂದುಕೊಟ್ಟು, "ಇದನ್ನ ರಿಪೇರಿ ಮಾಡ್ತಿದೀರೋ, ಪೂಜೆ ಮಾಡ್ತಿದೀರೋ?" ಎಂದು ಕೇಳಿ ಹೋಗುತ್ತಿದ್ದರು. ಮಾವ ಎಷ್ಟೋ ಸಲ ಸ್ಪ್ಯಾನರು ಕೆಳಗಿಟ್ಟು, "ತಂಬೀ" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವನು ತಲೆ ಎತ್ತಿದರೆ, "ಆ ಕಡೆ ಸ್ವಲ್ಪ ಹಿಡ್ಕೋ" ಎಂದುಬಿಡುತ್ತಿದ್ದರು. ಅವರು ಹೇಳಹೊರಟದ್ದು ಅದಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಒಂದು ಭಾನುವಾರ ಅವನು, "ಕಾಸಿಮೇಡು ಬಂದರಿನ ದೊಡ್ಡ ಬೋಟಿಗೆ ಕರೆದಿದ್ದಾರೆ ಸಾರ್. ಹೋದರೆ ವಾರಗಟ್ಟಲೆ ಸಮುದ್ರದಲ್ಲೇ. ಮನೆಯವಳು ಬೇಡ ಅಂತಾಳೆ. ಆದರೆ ಏನು ಮಾಡೋದು" ಎಂದ. ಅವನು ಹೋದ ಮೇಲೆ ಮಾವ ಕಾಫಿಯನ್ನೂ ಮುಟ್ಟದೆ ಹಿತ್ತಲಿಗೆ ಹೋದರು. ಸಿಲಿಂಡರಿನ ಮುಚ್ಚಳದ ಬೋಲ್ಟುಗಳಲ್ಲಿ ಒಂದು ಮಾತ್ರ ಬಾಕಿ ಇತ್ತು. ನಾನು ಬ್ಲೋಲ್ಯಾಂಪ್ ಹೊತ್ತಿಸುವ ಮೊದಲೇ ಸ್ಪ್ಯಾನರಿನ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ ಮೈಯ ಭಾರವೆಲ್ಲ ಬಿಟ್ಟು ಎಳೆದರು. ಕಿವಿ ಆನಿಸಲಿಲ್ಲ. ಟಕ್ ಎಂದಿತು. ಬೋಲ್ಟಿನ ತಲೆ ಹಾರಿ ಒಗೆಯುವ ಕಲ್ಲಿನ ಕೆಳಗೆ ಬಿತ್ತು. ಉಳಿದದ್ದು ಒಳಗೇ ನಿಂತಿತು.

ಅವಸರ ಮಾಡಬಾರದೆಂದು ಊರಿಗೆಲ್ಲ ಹೇಳುತ್ತಿದ್ದ ಮನುಷ್ಯ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತರು. "ಎರಡು ಸಲ ತಪ್ಪು ಮಾಡಿದೆನಮ್ಮ" ಎಂದರು. "ಹೋಗಲಿ ಬಿಡಿ ಮಾವ, ಒಂದೇ ತಾನೇ ಮುರಿದಿದ್ದು" ಎಂದೆ ನಾನು. ಅವರು ಎದ್ದುಹೋಗಿ ಕಲ್ಲಿನ ಕೆಳಗಿನಿಂದ ಬೋಲ್ಟಿನ ತಲೆಯನ್ನು ಹೆಕ್ಕಿಕೊಂಡರು.

ಆ ತುಂಡನ್ನು ತೆಗೆಯುವುದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ತುಂಡಿನ ನಡುವೆ ಸಣ್ಣ ತೂತು ಕೊರೆದು, ಅದನ್ನೇ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ, ಉಳಿದ ಸಿಪ್ಪೆಯನ್ನು ಕೆದಕಿ ಕೆದಕಿ ತೆಗೆದರು. ನಡುಗುವ ಕೈಗೆ ನನ್ನ ಕೈ ಆಸರೆ ಕೊಟ್ಟು ಕೂರುತ್ತಿದ್ದೆ. ಅಷ್ಟರಲ್ಲಿ ದೋಣಿಯವನು ದೊಡ್ಡ ಬೋಟಿಗೆ ಹೋಗಿ ಬಂದು ಹೋಗಿ ಬಂದು ಸೊರಗಿದ್ದ. ಆದರೂ ದಡಕ್ಕೆ ಬಂದ ದಿನ ನಮ್ಮ ಮನೆಗೆ ಬರುವುದನ್ನು ತಪ್ಪಿಸುತ್ತಿರಲಿಲ್ಲ. ಕೊನೆಗೊಂದು ದಿನ ನೀಲಿ ಡ್ರಮ್ಮಿಗೆ ನೀರು ತುಂಬಿ, ಮೋಟರಿನ ಕಾಲನ್ನು ಅದರೊಳಗಿಟ್ಟು, ಅವನು ಹಗ್ಗ ಎಳೆದ. ಮೊದಲಿಗೆ ಬರೀ ಕೆಮ್ಮು. ಮತ್ತೆ ಎಳೆದ, ಮತ್ತೆ. ಇದ್ದಕ್ಕಿದ್ದಂತೆ ಹಿತ್ತಲೆಲ್ಲ ಹೊಗೆ, ಸದ್ದು. ಡ್ರಮ್ಮಿನ ನೀರು ಒಣಹಾಕಿದ ಬಟ್ಟೆಗಳ ಮೇಲೆಲ್ಲ ಹಾರಿತು. ಅತ್ತೆ ಬೈಯುತ್ತಾ ಹೊರಬಂದವರು ಮಾವನ ಮುಖ ನೋಡಿ ಬೈಗುಳ ನುಂಗಿಕೊಂಡರು. ದೋಣಿಯವನು ಬಗ್ಗಿ ಮಾವನ ಕಾಲು ಮುಟ್ಟಿದ. ಮಾವ ಅವನ ಭುಜ ಹಿಡಿದು, "ತಂಬೀ..." ಎಂದರು. ಆ ಸದ್ದಿನಲ್ಲೂ ಅವನು ಕಾದು ನಿಂತ. "ಇನ್ನು ಕಾಸಿಮೇಡಿಗೆ ಹೋಗಬೇಡ" ಎಂದಷ್ಟೇ ಹೇಳಿದರು.

ಅವನು ಮತ್ತೆ ತನ್ನ ದೋಣಿಯಲ್ಲೇ ಕಡಲಿಗಿಳಿದ. ಭಾನುವಾರಗಳು ಖಾಲಿಯಾದವು. ಬಿಚ್ಚಲು ಏನೂ ಉಳಿಯದ ಮೇಲೆ ಮಾವ ಬೇಗ ಬೇಗ ಮುದುಕರಾದರು. ಆಸ್ಪತ್ರೆ ಸೇರಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದರು.

"ಆವತ್ತು ಅವನು ಮೊದಲನೇ ಸಲ ಬಂದಾಗಲೇ, ಗೋಡೆ ಮುಳುಗೋ ಮುಂಚೆ, ನಾನು ಹತ್ತಿಬಿಟ್ಟಿದ್ದರೆ ಮೋಟರು ಬೀಳ್ತಿರಲಿಲ್ಲ. ನನ್ನ ಹಟಕ್ಕೆ ಅವನು ಕೂಲಿಯವನಾದ. ಪ್ರತಿ ವಾರವೂ ಹೇಳೋಣ ಅಂದ್ಕೊಂಡೆ. ಬಾಯಿಗೆ ಬರಲಿಲ್ಲ."

"ಈಗ ಫೋನ್ ಮಾಡಿ ಕರೆಸ್ತೀನಿ ಮಾವ."

"ಬೇಡ, ಬೇಡ. ಅವನ ಮುಖ ನೋಡ್ಕೊಂಡು ನನ್ನ ಕೈಲಿ ಆಗಲ್ಲ. ನಾನು ಹೋದಮೇಲೆ ನೀನೇ ಹೇಳಿಬಿಡು. ಮನ್ನಿಚ್ಚುಡು ಅಂದರು ಅಂತ."

ಕ್ಷಮಿಸಿಬಿಡು ಎನ್ನುವ ಆ ಒಂದು ಮಾತನ್ನು ತಮಿಳಿನಲ್ಲೇ ಅಂದರು. ಹೆಚ್ಚು ದಿನ ಉಳಿಯಲಿಲ್ಲ.

ವೈಕುಂಠ ಸಮಾರಾಧನೆಯ ದಿನ ದೋಣಿಯವನು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತು ಮಾವ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವನು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಾ ಹೇಳಿದ:

"ಗೋಡೆಗೆ ತಾಗಿದ್ದಕ್ಕೆ ಬಿದ್ದಿದ್ದಲ್ಲ ಅಮ್ಮ. ಮೋಟರನ್ನು ದೋಣಿಗೆ ಕಚ್ಚಿಸೋ ತಿರುಪು ಆವತ್ತಿಗೆ ಮುಂಚೆಯೇ ಸವೆದುಹೋಗಿತ್ತು. ಬದಲಾಯಿಸದೆ ಹಗ್ಗ ಸುತ್ತಿಕೊಂಡು ಓಡಿಸ್ತಿದ್ದೆ. ಆ ದಿನ ಎಲ್ಲಾದರೂ ಬೀಳಲೇಬೇಕಿತ್ತು. ಮೋಟರನ್ನು ಕೆಸರಿನಿಂದ ಎತ್ತಿದ ಮೇಲೆ ಹೊಸ ತಿರುಪು ಹಾಕಿಟ್ಟೆ, ಅದಕ್ಕೇ ಸಾರ್‌ಗೆ ಗೊತ್ತಾಗಲಿಲ್ಲ."

"ಅವರಿಗೆ ಯಾಕೆ ಹೇಳಲಿಲ್ಲ?"

"ಸಾರ್ ಮನಸ್ಸಲ್ಲಿ ಏನಿದೆ ಅಂತ ನನಗೆ ಅಂದಾಜಿತ್ತು. ನಿಜ ಹೇಳಿದರೆ ರಿಪೇರಿ ಮಾಡದೆಯೇ ಮೋಟರು ವಾಪಸ್ ಕೊಟ್ಟು, ಸರಿ ಹೋಗಪ್ಪ ಅಂತಾರೆ ಅನ್ನಿಸಿತು. ಮೊದಮೊದಲು ಮೋಟರಿಗೋಸ್ಕರ ಸುಮ್ಮನಿದ್ದೆ. ಆಮೇಲಾಮೇಲೆ..." ಎಂದು ಚೌಕಟ್ಟು ನಿಂತಿದ್ದ ಜಾಗದ ಕಡೆ ನೋಡಿದ. "ಆಮೇಲೆ ಭಾನುವಾರಕ್ಕೋಸ್ಕರ."

ನನಗೆ ಅಳು ಬಂತೋ ಸಿಟ್ಟು ಬಂತೋ ಹೇಳಲಾರೆ. ಒಂದು ಮಾತಿನಿಂದ ಮುಗಿಯುವ ಭಾರವನ್ನು ಮಾವ ಸುಡುಗಾಡಿನವರೆಗೆ ಹೊತ್ತುಕೊಂಡು ಹೋದರು. ಆ ಮಾತನ್ನು ಅವನು ಆಡಿದ್ದರೆ ನನಗೆ ಮಾವ ಅಷ್ಟು ಹತ್ತಿರ ಸಿಗುತ್ತಿರಲಿಲ್ಲ ಎನ್ನುವುದೂ ನಿಜವೇ. ಹಾಗೆಂದು ಸಮಾಧಾನ ಮಾಡಿಕೊಳ್ಳಲು ಇಂದಿಗೂ ನನ್ನಿಂದ ಆಗಿಲ್ಲ.

ಬಾಗಿಲ ಬಳಿ ನಿಂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅವರಿದ್ದಾಗ ಒಂದು ಮಾತು ಹೇಳಬಾರದಿತ್ತೇನಪ್ಪ" ಎಂದರು, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು. ತಲೆ ಎತ್ತಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಅವನ ಬಾಗಿದ ಬೆನ್ನನ್ನೇ ನೋಡುತ್ತಾ ನಿಂತಿದ್ದು, ಒಳಗೆ ಹೋಗಿ ಅವನಿಗೊಂದು ಎಲೆ ಹಾಕಿದರು.