ಹತ್ತು ಎಂದು ಬರೆದ ಪ್ಲೇಟು

ತೊಂಬತ್ತು ಕೇಜಿ. ರಾಡಿನದ್ದು ಇಪ್ಪತ್ತು, ಪ್ಲೇಟುಗಳದ್ದು ಎಪ್ಪತ್ತು. ಅಷ್ಟನ್ನೂ ಹೆಗಲ ಮೇಲೆ ಹೊತ್ತು, ತೊಡೆ ಮೊಣಕಾಲಿಗಿಂತ ಕೆಳಗಿಳಿಯುವಂತೆ ಬಸ್ಕಿ ಹೊಡೆದು ಎದ್ದು ನಿಂತ ದಿನ ನಮ್ಮ ಜಿಮ್ಮಿನ ಮಾಸ್ಟ್ರು, ಪೀಣ್ಯದಲ್ಲಿ ಇಂಥ ಹೆಣ್ಣುಮಗಳು ಇನ್ನೊಬ್ಬಳಿಲ್ಲ ಅಂದುಬಿಟ್ಟರು. ನಾನೂ ನಂಬಿದೆ.

ತೊಂಬತ್ತರ ದಶಕದ ನಡುಭಾಗ ಅದು. ಅಪ್ಪ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದ, ಅಮ್ಮ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಕಡೆಯವರಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಈಗಲೂ ಜಂಬದಿಂದಲೇ ಹೇಳುತ್ತೇನೆ. ಆದರೆ ಇಂಟರ್‌ವ್ಯೂಗಳಲ್ಲಿ ಇಂಗ್ಲಿಷ್ ಶುರುವಾದ ಕೂಡಲೇ ನನ್ನ ನಾಲಿಗೆ ಒಣಗುತ್ತಿತ್ತು. ಬಿ.ಎಸ್ಸಿ. ಆಗಿ ಎರಡು ವರ್ಷಕ್ಕೆ ಸಿಕ್ಕಿದ್ದು ಒಂದು ಫೌಂಡ್ರಿಯಲ್ಲಿ, ಎರಕ ಹೊಯ್ದ ಸಾಮಾನುಗಳ ಅಳತೆ ಪರೀಕ್ಷಿಸುವ ಟೆಂಪರರಿ ಕೆಲಸ. ಅದೂ ಯಾವತ್ತು ಮುಗಿಯುತ್ತದೋ ಗೊತ್ತಿರಲಿಲ್ಲ.

ಫಸ್ಟ್ ಶಿಫ್ಟ್ ಎರಡಕ್ಕೆ ಬಿಟ್ಟರೆ ಎರಡೂವರೆಗೆ ಜಿಮ್. ವೆಲ್ಡಿಂಗ್ ಅಂಗಡಿಯ ಹಿಂದಿನ ಶೀಟಿನ ಶೆಡ್ಡು. ಗಂಡಸರು ಡ್ಯೂಟಿಯಲ್ಲಿರುವ ಆ ಒಂದೂವರೆ ಗಂಟೆ ಮಾತ್ರ ಹೆಂಗಸರಿಗೆ. ಮಲಗಿ ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಮೆಷೀನನ್ನು ಆ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಟ್ಟಿದ್ದರು, ತಳ್ಳಿದಾಗಲೆಲ್ಲ ಕಿರುಗುಟ್ಟುತ್ತಿತ್ತು. ಮೊದಲು ಮೆಷೀನು, ತೊಡೆ ನಡುಗಲು ಶುರುವಾದ ಮೇಲೆ ಎರಡು ಕೈಯಲ್ಲೂ ಡಂಬೆಲ್ ಹಿಡಿದು ಶೆಡ್ಡಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಕುಸಿದು ಏಳುತ್ತಾ ಹೋಗುವುದು. ಮನೆಗೆ ಬಂದರೆ ಕಕ್ಕಸಿನಲ್ಲಿ ಕೂರುವುದಕ್ಕೂ ಗೋಡೆ ಹಿಡಿಯಬೇಕಾಗಿತ್ತು. ಭಾರ ಎತ್ತಿದರೆ ಗರ್ಭ ಜಾರುತ್ತೆ ಅಂತ ಅಮ್ಮ ಹೆದರಿಸುತ್ತಿದ್ದಳು. ಅವಳು ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತಲೆ ಮೇಲೆ ಇಟ್ಟಿಗೆ ಹೊತ್ತವಳು.

ಆಗ ಬಂತು ಆ ಪ್ರಕಟಣೆ. ದೊಡ್ಡ ಕಾರ್ಖಾನೆಯೊಂದು ತನ್ನ ಹೆಂಗಸರ ಪವರ್‌ಲಿಫ್ಟಿಂಗ್ ತಂಡಕ್ಕೆ ಒಬ್ಬಳನ್ನು ತೆಗೆದುಕೊಳ್ಳುತ್ತದೆ. ಕ್ಲರ್ಕ್ ಕೆಲಸ, ಪರ್ಮನೆಂಟು. ಕಾಲಿಗೆ ಇಂಗ್ಲಿಷ್ ಬರಬೇಕಾಗಿಲ್ಲವಲ್ಲ ಅಂದುಕೊಂಡು ಅರ್ಜಿ ಹಾಕಿದೆ. ಮೊದಲ ಪರೀಕ್ಷೆಯೇ ಬಸ್ಕಿ. ಮೂರು ಅವಕಾಶ. ಮೊದಲು ಎಷ್ಟು ಎತ್ತುತ್ತೀನಿ ಅಂತ ಬರೆಸುತ್ತೀಯೋ, ಎತ್ತುವುದು ಶುರುವಾದ ಮೇಲೆ ಅದರಿಂದ ಕೆಳಗಿಳಿಯುವಂತಿಲ್ಲ. ಮೂರೂ ತಪ್ಪಿದರೆ ಮನೆಗೆ. ಮಾಸ್ಟ್ರಂತೂ ತೊಂಬತ್ತರಿಂದಲೇ ಶುರುಮಾಡೋಣ, ನೋಡಿದವರು ಬಾಯ್ಮುಚ್ಚಬೇಕು ಅನ್ನುತ್ತಿದ್ದರು.

ಎದುರಾಳಿ ಅಂತ ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದು ಒಬ್ಬಳನ್ನೇ, ಜಿಗಣಿಯ ಹುಡುಗಿ. ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸ, ಪಿಯುಸಿ ಮಾಡಿದ್ದಳು. ಅವರ ಮಾಸ್ಟ್ರ ಜೊತೆ ಎರಡು ಭಾನುವಾರ ನಮ್ಮ ಜಿಮ್ಮಿಗೆ ಬಂದಿದ್ದಳು. ನಾನು ಬಸ್ಕಿ ಹೊಡೆಯುವಾಗ ಹಿಂದೆ ನಿಂತು ಕಾಯುತ್ತಿದ್ದವಳು ಅವಳು, ಅವಳ ಸರದಿಗೆ ನಾನು. ಅವಳ ಟಿಫಿನ್ನಿನ ಚಿತ್ರಾನ್ನ ಇಬ್ಬರೂ ಹಂಚಿಕೊಂಡು ತಿಂದಿದ್ದೆವು. ಹೋಗುವಾಗ ಅವರ ಮಾಸ್ಟ್ರು ನಮ್ಮ ಪ್ಲೇಟುಗಳನ್ನು ಮಾದರಿಗೆಂದು ಒಯ್ದು, ಅದೇ ಥರ ಎರಕ ಹೊಯ್ಸಿಕೊಂಡು ವಾಪಸ್ ಕೊಟ್ಟಿದ್ದರು. ಆ ಹೊಸ ಪ್ಲೇಟುಗಳಲ್ಲಿ ಅವಳೂ ತೊಂಬತ್ತು ಎತ್ತುತ್ತಾಳೆ ಅಂತ ಆಮೇಲೆ ಕೇಳಿದ್ದೆ.

ಟ್ರಯಲ್‌ಗೆ ಒಂಬತ್ತು ದಿನವಿತ್ತು. ಫೌಂಡ್ರಿಯಲ್ಲಿ ಮರಳಲ್ಲಿ ಒತ್ತಿ ಅಚ್ಚು ತೆಗೆಯುವ ಮರದ ಮಾದರಿ, ಅಂದರೆ ಪ್ಯಾಟ್ರನ್, ಮಾಡುವ ಮೇಸ್ತ್ರಿಯನ್ನು, ನಿಮ್ಮ ಪ್ಯಾಟ್ರನ್ ಡ್ರಾಯಿಂಗಿಗಿಂತ ಯಾಕೆ ದೊಡ್ಡದಿದೆ ಅಂತ ಕೇಳಿದೆ. ಆತ ನಕ್ಕ.

"ಡಿಗ್ರಿ ಮೇಡಂ, ಕಬ್ಬಿಣ ಆರಿದ ಮೇಲೆ ಕುಗ್ಗುತ್ತೆ. ಅದಕ್ಕೆ ಮೊದಲೇ ಒಂಚೂರು ದೊಡ್ಡದು ಮಾಡ್ತೀವಿ. ಇದು ಗೊತ್ತಿಲ್ದೇ ಜಿಮ್ಮಿನೋರು ಹಳೇ ಪ್ಲೇಟನ್ನೇ ತಂದು ಮರಳಲ್ಲಿ ಒತ್ತಿಸ್ಕೊಂಡು ಹೋಗ್ತಾರೆ. ಸೈಜು ಒಂಚೂರು ಹೋದ್ರೆ ತೂಕ ಅದರ ಮೂರರಷ್ಟು ಹೋಗುತ್ತೆ. ಅದರದ್ದೊಂದು ನಕಲು, ನಕಲಿಂದ ಇನ್ನೊಂದು. ಮೇಲೆ ಹತ್ತು ಅಂತ ಮಾತ್ರ ಹಂಗೇ ಇರುತ್ತೆ."

ನಮ್ಮ ಜಿಮ್ಮಿನ ಪ್ಲೇಟುಗಳು ಎಲ್ಲಿಂದ ಬಂದವು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಮಾರನೇ ದಿನ ಹತ್ತರ ಪ್ಲೇಟೊಂದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಡ್ಯೂಟಿಗೆ ಹೋದೆ. ಗೇಟಿನ ಸೆಕ್ಯುರಿಟಿಯವನು, ಎಲ್ಲರೂ ಇಲ್ಲಿಂದ ಕಬ್ಬಿಣ ಕದಿಯೋಕೆ ನೋಡಿದರೆ ನೀವು ತಂದು ಹಾಕ್ತಿದೀರಲ್ಲ ಮೇಡಂ ಅಂದ. ನನಗೆ ನಗು ಬರಲಿಲ್ಲ. ಊಟದ ಹೊತ್ತಿಗೆ ತೂಕದ ಮೆಷೀನಿನ ಮೇಲಿಟ್ಟೆ. ಒಂಬತ್ತು ಕೇಜಿ ನೂರು ಗ್ರಾಂ. ತೆಗೆದು ಮತ್ತೆ ಇಟ್ಟೆ. ಅಷ್ಟೇ. ಅಂದರೆ ನನ್ನ ತೊಂಬತ್ತು ಎಂಬತ್ತನಾಲ್ಕೂ ಇರಲಿಲ್ಲ. ಜಿಗಣಿಯವರದ್ದು ನಮ್ಮ ಪ್ಲೇಟಿನ ನಕಲು. ಅವಳದ್ದು ಎಂಬತ್ತೆರಡೂ ಇರಲಾರದು. ಈ ಎರಡನೇ ಲೆಕ್ಕವನ್ನೂ ಆವತ್ತು, ಅಲ್ಲೇ ನಿಂತು ಮಾಡಿದೆ. ಇದನ್ನು ಮರೆಮಾಚಿ ಬರೆಯಲಾರೆ.

ಮಾಸ್ಟ್ರಿಗೆ ಹೇಳಿದಾಗ ಅವರ ಮುಖ ಕಪ್ಪಿಟ್ಟಿತು. ನಾಲ್ಕಕ್ಷರ ಕಲಿತಿದ್ದೇ ತಡ ನನ್ನ ಕಬ್ಬಿಣಾನೇ ತೂಗೋಕೆ ಬಂದೆಯಾ ಅಂದು ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ನಾನು ಹೋಗುವಷ್ಟರಲ್ಲಿ ಪ್ರತಿ ಪ್ಲೇಟಿನ ಮೇಲೂ ಸೀಮೆಸುಣ್ಣದಲ್ಲಿ ನಿಜವಾದ ತೂಕ ಬರೆದಿತ್ತು. ಎಲ್ಲವನ್ನೂ ಗುಜರಿ ಅಂಗಡಿಯ ತಕ್ಕಡಿಗೆ ಹೊತ್ತು ಹೋಗಿ ತೂಗಿಸಿ ತಂದಿದ್ದರು.

"ಎಂಬತ್ತರಿಂದ ಶುರುಮಾಡಮ್ಮ," ಅಂದರು. "ಹೊರಗೆ ಯಾರಿಗೂ ಬಾಯಿ ಬಿಡ್ಬೇಡ. ನನ್ನ ಜಿಮ್ಮಿನ ಮರ್ಯಾದೆ ಹೋಗುತ್ತೆ."

ಆ ಮಾತು ನನಗೆ ಅನುಕೂಲವಾಗಿಯೇ ಇತ್ತು. ಜಿಗಣಿಯಲ್ಲಿ ಅವಳು ಕೆಲಸ ಮಾಡುವ ಗ್ರಾನೈಟ್ ಆಫೀಸಿನ ಫೋನ್ ನಂಬರನ್ನು, ಪ್ಲೇಟು ಒಯ್ಯುವಾಗ ಅವರ ಮಾಸ್ಟ್ರು ನಮ್ಮ ಶೆಡ್ಡಿನ ಗೋಡೆ ಮೇಲೇ ಬರೆದು ಹೋಗಿದ್ದರು. ಒಂದು ಸಲ ಅದನ್ನು ಚೀಟಿಯಲ್ಲಿ ಬರೆದುಕೊಂಡು ಎಸ್‌ಟಿಡಿ ಬೂತಿನ ತನಕ ಹೋದೆ. ನನಗಿಂತ ಮುಂದೆ ಇಬ್ಬರಿದ್ದರು. ಒಬ್ಬ ಮುಗಿಸಿದ, ಇನ್ನೊಬ್ಬನೂ ಮುಗಿಸಿದ. ಮೆಷೀನ್ ಮುಂದೆ ನಿಂತಿರುವ ಹುಡುಗಿಯನ್ನು ಆಫೀಸಿನವರು ಫೋನಿಗೆಲ್ಲಿ ಕರೀತಾರೆ ಅಂತ ನನಗೆ ನಾನೇ ಹೇಳಿಕೊಂಡು ವಾಪಸ್ ಬಂದುಬಿಟ್ಟೆ.

ಟ್ರಯಲ್ ದಿನ ಏಳು ಜನ ಹೆಂಗಸರಿದ್ದೆವು. ಕಾರ್ಖಾನೆಯ ಹಾಲಿನಲ್ಲಿ ಬಣ್ಣಬಣ್ಣದ, ತೂಕ ಪರೀಕ್ಷೆಯಾದ ಪ್ಲೇಟುಗಳು ಸಾಲಾಗಿ ನಿಂತಿದ್ದವು. ಗೋಡೆಯ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎಂಬತ್ತು, ಅವಳ ಹೆಸರಿನ ಮುಂದೆ ತೊಂಬತ್ತು. ಅವಳು ನನ್ನನ್ನು ನೋಡಿ ಕೈಯೆತ್ತಿ ನಕ್ಕಳು. ಬರೆಸಿದ್ದನ್ನು ಬದಲಾಯಿಸುವವರಿಗೆ ಇನ್ನು ಐದೇ ನಿಮಿಷ ಅಂತ ಮೈಕಿನಲ್ಲಿ ಕೂಗಿದರು.

ನಾನು ಬೂಟಿನ ಲೇಸು ಬಿಚ್ಚಿ ಕಟ್ಟಿದೆ. ಮತ್ತೆ ಬಿಚ್ಚಿದೆ. ಗೋಡೆ ಗಡಿಯಾರದಲ್ಲಿ ಮೂರು ನಿಮಿಷ ಹೋದದ್ದನ್ನು ನೋಡಿಕೊಂಡೇ ಕೂತಿದ್ದೆ. ಆಮೇಲೆ ಎದ್ದು ಅವಳ ಹತ್ತಿರ ಹೋದೆ.

"ಕಮ್ಮಿ ಬರೆಸು. ಎಂಬತ್ತು ಬರೆಸು. ನಮ್ಮ ಪ್ಲೇಟು ತೂಕ ಕಮ್ಮಿ ಇದಾವೆ, ನಿಮ್ಮವು ಇನ್ನೂ ಕಮ್ಮಿ. ನಾನು ತೂಕ ಹಾಕಿ ನೋಡಿದೀನಿ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. "ಹೋದ ವಾರ," ಅಂದೆ.

ಅವಳ ಮುಖದ ನಗು ಹೋಯಿತು. "ಓದ್ವಾರ ನೋಡ್ದೋಳು ಈಗ ಬಂದು ಯೋಳ್ತಿದೀಯಾ? ನಂಗೆ ಭಯ ಉಟ್ಸಕ್ಕೆ ಬಂದಿದೀಯ ಕಣಕ್ಕ. ಓಗು, ಓಗಿ ನಿನ್ ಕೆಲ್ಸ ನೋಡು."

ಮೈಕಿನಲ್ಲಿ ಟೈಮ್ ಮುಗಿಯಿತು ಅಂದರು.

ಕಡಿಮೆ ಬರೆಸಿದವರಿಗೆ ಮೊದಲ ಸರದಿ. ನನ್ನ ಎಂಬತ್ತು ಎದ್ದಿತು. ಅವಳು ತೊಂಬತ್ತರ ಕೆಳಗೆ ನೆಟ್ಟಗೇ ಇಳಿದಳು, ಅರ್ಧ ಎದ್ದಳು, ಅಲ್ಲೇ ನಿಂತಳು. ಎರಡೂ ಬದಿಯವರು ರಾಡನ್ನು ಹಿಡಿದುಕೊಂಡರು. ಎರಡನೇ ಸಲ ನಾನು ಎಂಬತ್ತೈದಕ್ಕೆ ಹೋದೆ. ಕೆಳಗೆ ಕೂತಾಗ ಕಣ್ಣು ಕತ್ತಲೆಯಾಯಿತು, ಹೇಗೋ ಎದ್ದೆ. ಅವಳಿಗೆ ಮತ್ತೆ ಅದೇ ತೊಂಬತ್ತು, ಮತ್ತೆ ಅರ್ಧಕ್ಕೇ. ನನ್ನ ಮೂರನೆಯದು ತೊಂಬತ್ತು, ಅದು ನನ್ನನ್ನು ನೆಲಕ್ಕೆ ಒತ್ತಿಬಿಟ್ಟಿತು. ಬೋರ್ಡಿನಲ್ಲಿ ಎಂಬತ್ತೈದು ಉಳಿಯಿತು. ಅವಳು ಮೂರನೇ ಸಲ ಕೆಳಗೆ ಕೂತಳು, ಏಳಲು ಶುರುಮಾಡಿದಳು. ಅವಳ ತೊಡೆಯ ನಡುಕ ನಾನು ನಿಂತ ಜಾಗಕ್ಕೂ ಕಾಣುತ್ತಿತ್ತು. ಏಳು ಅಂತ ನಾನು ಮನಸ್ಸಿನಲ್ಲಿ ಅಂದೆನೋ, ಏಳಬೇಡ ಅಂದೆನೋ, ಎರಡನ್ನೂ ಅಂದಿರಬೇಕು.

ಏಳಲಿಲ್ಲ.

ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋದಳು. "ನೀನು ಯೋಳಿದ್ದು ನಿಜಾನೆ ಅಕ್ಕ," ಅಂದಳು. "ಅದ್ಕೇ ಜಾಸ್ತಿ ಒಟ್ಟೆ ಉರೀತಾ ಐತೆ."

ಮಿಕ್ಕ ಪರೀಕ್ಷೆಗಳಲ್ಲಿ ಉಳಿದ ಐವರು ನನ್ನ ಹಿಂದೆಯೇ ಉಳಿದರು, ಕೆಲಸ ನನಗೆ ಸಿಕ್ಕಿತು. ಅಪ್ಪ ಆರ್ಡರ್ ಕಾಗದ ಹಿಡಿದು ಬೀದಿಯವರಿಗೆಲ್ಲ ತೋರಿಸಿ ಬಂದ. ಡ್ಯೂಟಿಗೆ ಸೇರಿದ ಮೊದಲ ವಾರವೇ, ಸೂಪರಿಂಟೆಂಡೆಂಟ್ ಊಟಕ್ಕೆ ಹೋದಾಗ, ಅವರ ಟೇಬಲ್ಲಿನ ಫೋನಿನಿಂದ ಜಿಗಣಿಗೆ ಮಾಡಿದೆ. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿತ್ತು. ಎತ್ತಿದವರಿಗೆ ಇಂಥವಳು ಬೇಕು ಅಂದೆ. "ಇರಿ ಮೇಡಂ, ಕರೀತೀನಿ," ಅಂದರು, ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ, ಗ್ರಾನೈಟ್ ಕೊಯ್ಯುವ ಸದ್ದಿನ ನಡುವೆ ಅವಳ ದನಿ ಕೇಳಿಸಿತು. "ಅಲೋ, ಯಾರು?"

ನಾನು, ಪೀಣ್ಯದವಳು, ಅಂದೆ. ಅವಳು ಫೋನ್ ಇಡಲಿಲ್ಲ.

"ನಿಮ್ಮ ಹತ್ತರ ಪ್ಲೇಟು ಎಂಟು ಮುಕ್ಕಾಲು ಇರುತ್ತೆ," ಅಂದೆ. "ಪ್ರತಿಯೊಂದನ್ನೂ ತೂಕಕ್ಕೆ ಹಾಕಿಸು. ಇನ್ನೊಂದು ಕಾರ್ಖಾನೇಲೂ ಇದೇ ಥರ ಕರೆದಿದಾರೆ, ಅರ್ಜಿ ಹಾಕೋಕೆ ಹದಿನೈದು ದಿನ ಟೈಮಿದೆ. ಅಡ್ರೆಸ್ ಹೇಳ್ತೀನಿ."



"ತಡಿ," ಅಂದಳು. "ಪೆನ್ನು ತತ್ತೀನಿ."